ಹಲ್ಲು ಸವೆದರೆ ದವಡೆಯನ್ನೇ ಕೀಳಬೇಕೆ?

ಮಗ್ಗದ ಹಲ್ಲುಚಕ್ರವೊಂದು ಸವೆಯಿತೆಂದು ಇಡೀ ಮಗ್ಗವನ್ನೇ ಗುಜರಿಗೆ ಹಾಕಿರೆಂದ ಜಾಬರನನ್ನು ಕಾರ್ಮಿಕ ಬಂಧುಗಳು ಎಲ್ಲಾದರೂ ಕಂಡಿದ್ದೀರಾ? ಕಂಡಿರಲಾರಿರಿ. ಆದರೆ ಕಾರಿನ ವ್ಯಾಪಾರದಲ್ಲಿ ಈ ಮಾತು ರಾಜಾರೋಷವಾಗಿ ನಡೆಯುತ್ತದೆ.

ಅಮೆರಿಕದ ಪಾಂಟಿಯಾಕ್ ಫೈರ್‌ಬರ್ಡ್ ಕಾರನ್ನೇ ನೋಡಿ. 1993ರಿಂದ 2002ರವರೆಗೆ ತಯಾರಾದ ಈ ಕಾರಿನ ಮುಂದೀಪಗಳು ಹಗಲೆಲ್ಲ ಮೂತಿಯೊಳಗೆ ಅಡಗಿದ್ದು, ಸ್ವಿಚ್ ಹಾಕಿದೊಡನೆ ಮೇಲೇಳುತ್ತವೆ. ಎತ್ತುವುದಕ್ಕೆ ದೀಪಕ್ಕೊಂದು ಸಣ್ಣ ಮೋಟಾರು. ಅದರ ಹೊಟ್ಟೆಯೊಳಗೆ ಕಂಪನಿ ಇಟ್ಟದ್ದು ಪ್ಲಾಸ್ಟಿಕ್ಕಿನ ಹಲ್ಲುಚಕ್ರ! ವರ್ಷ ಕಳೆದಂತೆ ಹಲ್ಲು ಉದುರುತ್ತವೆ. ಮೋಟಾರು ಗರಗರ ತಿರುಗುತ್ತದೆ, ದೀಪ ಏಳುವುದಿಲ್ಲ. ಅಂಗಡಿಗೆ ಹೋದರೆ "ಮೋಟಾರು ಹೋಗಿದೆ, ಹೊಸದು ಹಾಕಿಸಿ" ಎಂಬ ತೀರ್ಪು. ತಿರುಗುತ್ತಿರುವ ಮೋಟಾರು ಹೋದದ್ದು ಹೇಗೆ ಸ್ವಾಮಿ?

ಇದು ಮನೆಯಂಗಳದಲ್ಲೇ ಆಗುವ ಕೆಲಸ. ಮೊದಲು ಬ್ಯಾಟರಿಯ ಮೈನಸ್ ತಂತಿ ಬಿಚ್ಚಬೇಕು. ಮರೆತರೆ ದೀಪ ಥಟ್ಟನೆ ಎದ್ದು ಬೆರಳು ಜಜ್ಜೀತು. ಮೋಟಾರನ್ನು ಕಳಚಿ, ಮುಚ್ಚಳ ತೆಗೆದು, ಹಳೆಯ ಗ್ರೀಸನ್ನೂ ಹಲ್ಲಿನ ಚೂರುಗಳನ್ನೂ ಒರೆಸಿ, ಹಿತ್ತಾಳೆಯ ಚಕ್ರ ಕೂರಿಸಿ, ಹೊಸ ಗ್ರೀಸ್ ಸವರಿ ಮುಚ್ಚಿದರಾಯಿತು. ಮೋಟಾರು ಸದ್ದೇ ಮಾಡದಿದ್ದರೆ ಮಾತು ಬೇರೆ. ಆಗ ಫ್ಯೂಸು, ರಿಲೇ, ತಂತಿಯ ಜೋಡಣೆ ನೋಡಬೇಕು. ನಡುದಾರಿಯಲ್ಲಿ ಕೆಟ್ಟರೆ ಮೋಟಾರಿನ ಮೇಲಿನ ಗುಂಡಿಯನ್ನು ಕೈಯಿಂದ ತಿರುಗಿಸಿ ದೀಪ ಎತ್ತಲೂಬಹುದು. ಇಷ್ಟು ವಿದ್ಯೆಗೆ ಅಷ್ಟೊಂದು ಬೀಗವೇಕೆ?

ಅರಿಯದವರ ಕೈಗೆ ಬಿಡಿಭಾಗ ಕೊಟ್ಟರೆ ಅಪಾಯವೆಂದು ಕಂಪನಿಗಳ ವಾದ. ಬ್ರೇಕಿನ ವಿಷಯದಲ್ಲಿ ಈ ಮಾತಿಗೆ ತೂಕವಿದೆ, ಒಪ್ಪೋಣ. ದೀಪ ಎತ್ತುವ ಚಕ್ರಕ್ಕೂ ಅದೇ ಕಟ್ಟಳೆಯೇ?

ಅಮೆರಿಕದ ಕಾರಿನ ಗೊಡವೆ ನಮಗೇಕೆ ಎನ್ನಬೇಡಿ. ನಮ್ಮ ಬೀದಿಯ ಮೆಕ್ಯಾನಿಕನ ಅನ್ನವೂ ಇದೇ ಬೀಗದೊಳಗೆ ಸಿಕ್ಕಿದೆ. 2014ರ ಆಗಸ್ಟಿನಲ್ಲಿ ಭಾರತೀಯ ಸ್ಪರ್ಧಾ ಆಯೋಗವು 14 ಕಾರು ಕಂಪನಿಗಳಿಗೆ ಒಟ್ಟು 2,544 ಕೋಟಿ ರೂಪಾಯಿ ದಂಡ ಹಾಕಿತು. ಬಿಡಿಭಾಗಗಳೂ ದುರಸ್ತಿ ಕೈಪಿಡಿಗಳೂ ಹೊರಗಿನ ಮೆಕ್ಯಾನಿಕರಿಗೆ ಸಿಗಬೇಕೆಂದು ಆಜ್ಞಾಪಿಸಿತು. ತಪ್ಪು ತಿದ್ದಿಕೊಂಡರೇ ಧಣಿಗಳು? ಹಲವರು ಮೇಲ್ಮನವಿ ಹಿಡಿದು ಓಡಿದರು!

ಇನ್ನು ಫೈರ್‌ಬರ್ಡಿನ ಗತಿ ಕೇಳಿ. ಪಾಂಟಿಯಾಕ್ ಎಂಬ ಹೆಸರನ್ನೇ ಜನರಲ್ ಮೋಟರ್ಸ್ 2010ರಲ್ಲಿ ಮುಚ್ಚಿತು. ಕಾರುಗಳು ಮಾತ್ರ ಇನ್ನೂ ರಸ್ತೆಯಲ್ಲಿವೆ. ಅವುಗಳ ದೀಪಕ್ಕೆ ಹಿತ್ತಾಳೆಯ ಚಕ್ರ ಮಾಡಿ ಮಾರಿದವರು ಆ ದೊಡ್ಡ ಧಣಿಯಲ್ಲ, ಹೊರಗಿನ ಸಣ್ಣ ತಯಾರಕರು.