ಕೊನೆಯ ಪಾಠಗಳನ್ನು ಕೈಬಿಡಬೇಡಿ

ವಾತಾವರಣದಲ್ಲಿ ಹುಟ್ಟುವ ನ್ಯೂಟ್ರಿನೊಗಳು 1965ರಲ್ಲಿ ಮೊದಲ ಬಾರಿಗೆ ಮನುಷ್ಯರ ಉಪಕರಣಕ್ಕೆ ಸಿಕ್ಕಿದ್ದು ಎರಡೇ ಎರಡು ಕಡೆ. ಒಂದು ದಕ್ಷಿಣ ಆಫ್ರಿಕಾದ ಚಿನ್ನದ ಗಣಿ, ಇನ್ನೊಂದು ನಮ್ಮ ಕೋಲಾರದ ಚಿನ್ನದ ಗಣಿ. ಕೋಲಾರದ ಎರಡು ಕಿಲೋಮೀಟರಿಗೂ ಹೆಚ್ಚು ಆಳದ ಆ ಸೆಕೆಯಲ್ಲಿ ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯವರು, ಜಪಾನಿನ ಒಸಾಕಾದವರು, ಇಂಗ್ಲೆಂಡಿನ ಡರ್ಹಮ್‌ನವರು ಜೊತೆಗೂಡಿ ದುಡಿದರು. ಅದಕ್ಕೂ ಮೊದಲೇ, 1951ರಲ್ಲಿ, ಬಿ.ವಿ. ಶ್ರೀಕಂಠನ್ ಎಂಬ ತರುಣ, ಆಕಾಶದಿಂದ ಸುರಿಯುವ ಕಣಗಳಾದ ಮ್ಯೂಆನ್‌ಗಳನ್ನು ಎಣಿಸಲೆಂದು ಅದೇ ಗಣಿಗೆ ಇಳಿದಿದ್ದರು. ಭೌತವಿಜ್ಞಾನ ಹೇಳಿಕೊಡುವ ಮೇಷ್ಟ್ರೇ, ಮೇಡಂ, ನಿಮಗೆ ಇದು ಗೊತ್ತಿದೆ. ಆದರೆ ಬಂಗಾರಪೇಟೆಯ ಸರ್ಕಾರಿ ಶಾಲೆಯ ಬೆಂಚಿನಲ್ಲಿ ಕೂತ ಹುಡುಗಿಗೆ, ಬಹುಶಃ ತನ್ನ ತಾತನೇ ಆ ಗಣಿಯಲ್ಲಿ ಆಯಸ್ಸು ಸವೆಸಿದ ಹುಡುಗಿಗೆ, ಗೊತ್ತಿದೆಯೇ? ತನ್ನ ಊರಿನ ಪಕ್ಕದ ನೆಲದಡಿ ಜಗತ್ತಿನ ವಿಜ್ಞಾನ ನಡೆದಿತ್ತೆಂದು ಅವಳಿಗೆ ಯಾರು ಹೇಳಿದ್ದಾರೆ? ಅವಳು ನಿಮ್ಮನ್ನು ಕೇಳುವುದಿಲ್ಲ. ಕೇಳಬೇಕಾದದ್ದೊಂದು ಇದೆ ಎಂಬುದೇ ಅವಳಿಗೆ ತಿಳಿಯದು.

ದ್ವಿತೀಯ ಪಿಯುಸಿ ಪುಸ್ತಕದಲ್ಲಿ ಇಪ್ಪತ್ತನೇ ಶತಮಾನ ಬರುವುದು ಕಟ್ಟಕಡೆಗೆ. ಬೆಳಕು ಅಲೆಯೂ ಹೌದು ಕಣವೂ ಹೌದು ಎಂಬ ಬೆರಗು, ಬೋರ್ ಕಂಡ ಪರಮಾಣು, ಸೂರ್ಯನನ್ನು ಉರಿಸುವ ಬಂಧನ ಶಕ್ತಿ, ಮೊಬೈಲಿನ ಎದೆಯಲ್ಲಿರುವ ಅರೆವಾಹಕ, ಇವೆಲ್ಲ ವರ್ಷದ ಅಂಚಿಗೆ ಸರಿದು, ಪೂರ್ವಸಿದ್ಧತಾ ಪರೀಕ್ಷೆಯ ಗಡಿಬಿಡಿಗೆ ಸಿಕ್ಕಿ, ‘ಇದು ಇಂಪಾರ್ಟೆಂಟ್, ಬರೆದುಕೊಳ್ಳಿ’ ಎಂಬ ಒಂದು ಮಾತಿನಲ್ಲಿ ತೀರಿಹೋಗುತ್ತವೆ. ಹೈಸ್ಕೂಲಿನಲ್ಲಂತೂ ಪಾಸಿಂಗ್ ಪ್ಯಾಕೇಜಿನ ಹಾಳೆಗಳಾಚೆಗೆ ವಿಜ್ಞಾನವೇ ಇಲ್ಲವೇನೋ ಎನ್ನಿಸುವಂತೆ ಎಷ್ಟೋ ಮಕ್ಕಳು ಹೊರಬೀಳುತ್ತಾರೆ. ಪ್ರಯೋಗಾಲಯದ ಬೀರುವಿಗೆ ಬೀಗ. ರೆಕಾರ್ಡ್ ಪುಸ್ತಕದಲ್ಲಿ ಹೋದ ವರ್ಷದವರ ಅಂಕಿಗಳು. ಮಕ್ಕಳು ದೂರುವುದಿಲ್ಲ, ದೂರಬೇಕಾದದ್ದೊಂದು ಇದೆ ಎಂಬುದೇ ಅವರಿಗೆ ತಿಳಿಯದು.

ನಿಮ್ಮ ಹೊರೆಯನ್ನು ಮರೆತು ಈ ಮಾತು ಆಡುತ್ತಿಲ್ಲ. ಒಬ್ಬರೇ ಪಿಸಿಎಂ ಶಿಕ್ಷಕರು ಮೂರೂ ತರಗತಿಗಳ ಗಣಿತ ವಿಜ್ಞಾನ ಹೊತ್ತು, ಬಿಸಿಯೂಟದ ಲೆಕ್ಕ ಬರೆದು, ಸಮೀಕ್ಷೆಗೆ ಮನೆಮನೆ ಸುತ್ತಿ, ಚುನಾವಣೆ ಕರ್ತವ್ಯ ಮುಗಿಸಿ ಬಂದು, ಮತ್ತೆ ಫಲಿತಾಂಶ ಯಾಕೆ ಕುಸಿಯಿತೆಂಬ ನೋಟೀಸಿಗೆ ಉತ್ತರ ಬರೆಯುತ್ತಾರೆ. ಸಂಬಳಕ್ಕೆ ತಿಂಗಳುಗಟ್ಟಲೆ ಕಾಯುವ ಅತಿಥಿ ಉಪನ್ಯಾಸಕರ ಮುಂದೆ ನಿಂತು ಕ್ವಾಂಟಂ ಬಗ್ಗೆ ಉಪದೇಶ ಮಾಡುವ ಹಕ್ಕು ಯಾರಿಗಿದೆ? ಆದರೂ ಕೇಳುತ್ತೇನೆ, ಏಕೆಂದರೆ ಈ ಹೊರೆ ಒಬ್ಬರಿಗೆ ಆಗದು ಎಂಬುದು ನಿಮಗೆ ಗೊತ್ತಿದೆ, ಪಕ್ಕದ ಹೋಬಳಿಯ ಶಾಲೆಯಲ್ಲೂ ನಿಮ್ಮಂತೆಯೇ ಒಬ್ಬರು ಒಂಟಿಯಾಗಿ ಒದ್ದಾಡುತ್ತಿದ್ದಾರೆಂಬುದೂ ಗೊತ್ತಿದೆ. ಕ್ಲಸ್ಟರ್ ಸಭೆಯಲ್ಲಿ ಪಕ್ಕಪಕ್ಕ ಕೂತು, ನಮೂನೆಗಳನ್ನು ತುಂಬಿ, ಚಹಾ ಕುಡಿದು ಎದ್ದು ಬರುತ್ತೀರಿ. ಭೌತವಿಜ್ಞಾನದ ಮಾತು ಮಾತ್ರ ಒಬ್ಬರಿಗೊಬ್ಬರು ಆಡಿಕೊಳ್ಳುವುದಿಲ್ಲ. ನನ್ನನ್ನು ಹೆಚ್ಚು ನೋಯಿಸುವುದು ಈ ಮೌನ.

ಒಬ್ಬರಲ್ಲಿ ಮಲ್ಟಿಮೀಟರ್ ಇರುತ್ತದೆ. ಇನ್ನೊಬ್ಬರಿಗೆ ಸರ್ಕ್ಯೂಟ್ ಜೋಡಿಸುವ ಕೈಚಳಕ. ಮತ್ತೊಬ್ಬರಿಗೆ ಕಷ್ಟದ ಸಂಗತಿಯನ್ನು ತಿಳಿಗನ್ನಡದಲ್ಲಿ ಹೇಳುವ ನಾಲಗೆ. ಕೂಡಿದರೆ ಏನಾಗುತ್ತದೆ ನೋಡಿ: ಬೇರೆ ಬೇರೆ ಬಣ್ಣದ ಪುಟ್ಟ ಎಲ್‌ಇಡಿಗಳಿಗೆ ವೋಲ್ಟೇಜನ್ನು ಮೆಲ್ಲಗೆ ಏರಿಸುತ್ತ ಹೋದರೆ ಕೆಂಪು ಮೊದಲು ಬೆಳಗುತ್ತದೆ, ಸುಮಾರು 1.8 ವೋಲ್ಟಿನ ಹತ್ತಿರ. ನೀಲಿಗೆ ಅದು ಸಾಲದು, ಇನ್ನಷ್ಟು ಬೇಕು. ಆ ವ್ಯತ್ಯಾಸವನ್ನು ಗ್ರಾಫಿಗೆ ಇಳಿಸಿದರೆ 1900ರಲ್ಲಿ ಪ್ಲಾಂಕ್ ಮುಂದಿಟ್ಟ ಸ್ಥಿರಾಂಕದ ಆಸುಪಾಸಿಗೆ ಹಳ್ಳಿಯ ಮಕ್ಕಳೇ ಬಂದು ನಿಲ್ಲುತ್ತಾರೆ. ಇನ್ನೊಂದು ದಿನ ಆ ಮಕ್ಕಳಿಗೆ ಅಂಗೈ ಚಾಚಿ ನಿಲ್ಲಿ ಎಂದು ಹೇಳಿ. ಹೆಚ್ಚುಕಡಿಮೆ ಸೆಕೆಂಡಿಗೊಂದರಂತೆ ಮ್ಯೂಆನ್‌ಗಳು ಆ ಅಂಗೈಯನ್ನು ತೂರಿ ಹೋಗುತ್ತಿರುತ್ತವೆ. ಅವುಗಳ ಆಯಸ್ಸು ಸೆಕೆಂಡಿನ ಹತ್ತು ಲಕ್ಷ ಭಾಗಗಳಲ್ಲಿ ಎರಡರಷ್ಟು. ಐನ್‌ಸ್ಟೈನ್ ಹೇಳಿದಂತೆ ಕಾಲ ಹಿಗ್ಗದಿದ್ದರೆ ಅವುಗಳಲ್ಲಿ ಬಹುಪಾಲು ನೆಲ ಮುಟ್ಟುತ್ತಲೇ ಇರಲಿಲ್ಲ. ಬೆಂಗಳೂರಿನಲ್ಲಿ ಊಟದ ಪೊಟ್ಟಣ ತಲುಪಿಸುವ ಅಣ್ಣನ ಮೊಬೈಲಿನ ನಕಾಶೆ ದಾರಿ ತಪ್ಪದಿರುವುದೂ ಅದೇ ಐನ್‌ಸ್ಟೈನ್‌ನ ಸಾಪೇಕ್ಷತಾ ಸಿದ್ಧಾಂತದಿಂದಲೇ: ಜಿಪಿಎಸ್ ಉಪಗ್ರಹದ ಗಡಿಯಾರ ನೆಲದ ಗಡಿಯಾರಕ್ಕಿಂತ ದಿನಕ್ಕೆ ಸುಮಾರು 38 ಮೈಕ್ರೋಸೆಕೆಂಡ್ ಮುಂದೆ ಓಡುತ್ತದೆ, ಅದನ್ನು ಸರಿಪಡಿಸದಿದ್ದರೆ ನಕಾಶೆ ಒಂದೇ ದಿನದಲ್ಲಿ ಕಿಲೋಮೀಟರುಗಟ್ಟಲೆ ತಪ್ಪುತ್ತದೆ. ಅಣ್ಣನ ಜೇಬಿನಲ್ಲೇ ಇರುವ ಐನ್‌ಸ್ಟೈನ್‌ನನ್ನು ತಂಗಿಯಿಂದ ಯಾಕೆ ಬಚ್ಚಿಡಬೇಕು?

ಮೇಷ್ಟ್ರುಗಳು ಕೂಡಿ ಇಂಥದ್ದನ್ನು ಮಾಡಿ ತೋರಿಸಿದ್ದಾರೆ. ಮಧ್ಯಪ್ರದೇಶದ ಹೋಶಂಗಾಬಾದಿನಲ್ಲಿ 1972ರಲ್ಲಿ ಹದಿನಾರು ಶಾಲೆಗಳಲ್ಲಿ ಮಕ್ಕಳ ಕೈಗೇ ಪ್ರಯೋಗ ಕೊಡುವ ಕಾರ್ಯಕ್ರಮ ಶುರುವಾಯಿತು. ಶಿಕ್ಷಕರು ತಿಂಗಳಿಗೊಮ್ಮೆ ಸೇರಿ, ತರಗತಿಯಲ್ಲಿ ಏನು ಕೆಟ್ಟಿತು, ಏನು ಗೆದ್ದಿತು ಎಂದು ಮನಬಿಚ್ಚಿ ಮಾತಾಡುತ್ತಿದ್ದರು. 2002ರಲ್ಲಿ ಸರ್ಕಾರ ನಿಲ್ಲಿಸುವವರೆಗೆ ಮೂವತ್ತು ವರ್ಷ ಅದು ಬಾಳಿತು. ನಮ್ಮವರೇ ಆದ ಎಚ್. ನರಸಿಂಹಯ್ಯನವರನ್ನು ನೆನೆಯಿರಿ. ಗೌರಿಬಿದನೂರು ತಾಲ್ಲೂಕಿನ ಹೊಸೂರಿನ ಬಡ ಮನೆಯ ಹುಡುಗ ಬೆಂಗಳೂರಿಗೆ ನಡೆದು ಬಂದು ಓದಿ, ಅಮೆರಿಕದ ಒಹಾಯೊದಲ್ಲಿ ನ್ಯೂಕ್ಲಿಯರ್ ಭೌತವಿಜ್ಞಾನದ ಡಾಕ್ಟರೇಟ್ ಪಡೆದು, ಮರಳಿ ಬಂದು ಮೇಷ್ಟ್ರಾಗಿ ಮುಂದುವರಿದರು; 1962ರಲ್ಲಿ ಬೆಂಗಳೂರು ಸೈನ್ಸ್ ಫೋರಂ ಕಟ್ಟಿ ಬಸವನಗುಡಿಯ ಜನಸಾಮಾನ್ಯರಿಗೂ ವಿಜ್ಞಾನದ ಉಪನ್ಯಾಸ ಕೇಳಿಸಿದರು.

ಇಂದು ಹೊಸೂರಿನಂಥ ಊರುಗಳಲ್ಲಿ ಕೂತಿರುವ ನರಸಿಂಹಯ್ಯಂದಿರು ಎಷ್ಟು ಮಂದಿಯೋ! ರಾಷ್ಟ್ರೀಯ ಕ್ವಾಂಟಂ ಮಿಷನ್‌ಗೆ ಕೇಂದ್ರ ಸರ್ಕಾರ 2023ರಲ್ಲಿ ಆರು ಸಾವಿರ ಕೋಟಿ ರೂಪಾಯಿಗೂ ಮೀರಿದ ಮೊತ್ತಕ್ಕೆ ಒಪ್ಪಿಗೆ ಕೊಟ್ಟಿತು. ಆ ಪ್ರಯೋಗಾಲಯಗಳ ಬಾಗಿಲನ್ನು ನಾಳೆ ಯಾರ ಮಕ್ಕಳು ತಟ್ಟುತ್ತಾರೆ? ಫೀಸು ಕಟ್ಟಬಲ್ಲವರ ಮಕ್ಕಳಿಗೆ ಈ ವಿಜ್ಞಾನ ಹೇಗಾದರೂ ತಲುಪುತ್ತದೆ. ಕನ್ನಡ ಮಾಧ್ಯಮದ, ತೋಟದ ಕೆಲಸ ಮುಗಿಸಿ ಶಾಲೆಗೆ ಓಡಿಬರುವ ಮಗುವಿಗೆ ನಿಮ್ಮ ವಿನಾ ಬೇರೆ ಬಾಗಿಲಿಲ್ಲ. ಆ ಮಗು ನಿಮ್ಮ ಮೇಲೆ ಮುನಿಸಿಕೊಳ್ಳುವುದಿಲ್ಲ. ತನಗೆ ಏನು ತಪ್ಪಿಹೋಯಿತು ಎಂಬುದೇ ಅದಕ್ಕೆ ತಿಳಿಯದು. ನಿಮಗೆ ತಿಳಿದಿದೆ. ಅದಕ್ಕೇ ನಿಮ್ಮಲ್ಲಿ ಬೇಡುತ್ತಿದ್ದೇನೆ.

ಇಲಾಖೆಯ ಸುತ್ತೋಲೆಗೆ ಕಾಯಬೇಡಿ. ಈ ತಿಂಗಳ ಒಂದು ಶನಿವಾರ ಮಧ್ಯಾಹ್ನ ನಿಮ್ಮ ತಾಲ್ಲೂಕಿನ ನಾಲ್ಕು ಜನ ಯಾವುದಾದರೂ ಒಂದು ಶಾಲೆಯಲ್ಲಿ ಸೇರಿ. ಬೀರುವಿನ ಬೀಗ ತೆಗೆದು ಏನಿದೆ, ಏನಿಲ್ಲ ಎಂದು ಪಟ್ಟಿ ಮಾಡಿ. ಕೊನೆಯ ಅಧ್ಯಾಯಗಳಲ್ಲಿ ಒಂದನ್ನಾದರೂ ಆಗಸ್ಟಿಗೆ ಎಳೆದುಕೊಳ್ಳಿ. ಎಲ್‌ಇಡಿ ಯಾರು ತರುತ್ತಾರೆ, ಗ್ರಾಫ್ ಹಾಳೆ ಯಾರು ತರುತ್ತಾರೆ, ಮೊದಲು ಯಾರ ತರಗತಿಯಲ್ಲಿ ಮಾಡಿ ನೋಡುವುದು ಎಂಬುದನ್ನು ಅಲ್ಲಿಯೇ ಗೊತ್ತುಮಾಡಿಕೊಂಡು ಏಳಿ.