ಅರ್ಜಿ ಫಾರಮ್ಮಿನಲ್ಲಿ ನಮ್ಮ ಕೇರಿ ಎಲ್ಲಿದೆ?



ನಾವು ಒಂದು ಅರ್ಜಿ ಬರೆಯಲು ಕೂತಿದ್ದೇವೆ. ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್.ಪೇಟೆ, ನಾಗಮಂಗಲ, ಈ ನಾಲ್ಕು ತಾಲ್ಲೂಕುಗಳ ದಲಿತ ಕೇರಿಗಳ ಪರಂಪರೆಯನ್ನು ದಾಖಲೆ ಮಾಡುವುದಕ್ಕೆ ಸರ್ಕಾರದ ಅನುದಾನ ಕೇಳುವ ಅರ್ಜಿ. ಹಾಡು ಬಲ್ಲ ಅಜ್ಜಿಯರು ಒಬ್ಬೊಬ್ಬರಾಗಿ ಹೋಗುತ್ತಿದ್ದಾರೆ. ಕೆರೆಯ ತೂಬು ಯಾವಾಗ ಎತ್ತಬೇಕು, ಯಾವ ಗದ್ದೆಗೆ ಎಷ್ಟು ಹೊತ್ತು ನೀರು ಎಂದು ಬಾಯಲ್ಲೇ ಲೆಕ್ಕ ಇಟ್ಟಿದ್ದ ನೀರಗಂಟಿಗಳು ಇನ್ನೂ ಅಲ್ಲೊಬ್ಬರು ಇಲ್ಲೊಬ್ಬರು ಉಳಿದಿದ್ದಾರೆ. ಅವರ ಮಾತನ್ನು ಧ್ವನಿಯಲ್ಲಿ ಹಿಡಿಯಬೇಕು, ಬರೆಯಬೇಕು, ಕೇರಿಯಲ್ಲೇ ಒಂದು ಕೋಣೆಯಲ್ಲಿ ಇಡಬೇಕು. ನಮ್ಮ ಯೋಜನೆ ಇಷ್ಟೇ.

ಫಾರಂ ಕೇಳುವುದು ಬೇರೆ. ಯಾವ ಇಲಾಖೆಯ ಫಾರಂ ಎನ್ನುವುದು ಬೇಡ, ಎಲ್ಲ ಒಂದೇ ತಾಯಿಯ ಮಕ್ಕಳು. ಸಂಘವು 1960ರ ಕಾಯ್ದೆಯ ಕೆಳಗೆ ನೋಂದಣಿಯಾಗಿ ಮೂರು ವರ್ಷ ದಾಟಿರಬೇಕು. ಮೂರು ವರ್ಷದ ಲೆಕ್ಕಕ್ಕೆ ಆಡಿಟರ್ ರುಜು ಬೇಕು. ಜಾಗದ ಖಾತೆ ಬೇಕು, ಪಹಣಿ ಬೇಕು. ವೆಚ್ಚದ ಒಂದು ಪಾಲು ನಾವೇ ಹಾಕಬೇಕು. ಮೊದಲು ಖರ್ಚು, ಆಮೇಲೆ ಬಿಲ್ಲು, ಅದಾದ ಮೇಲೆ ಯಾವತ್ತೋ ಒಂದಿನ ದುಡ್ಡು. ಕೂಲಿ ಮಾಡುವ ಕೇರಿಯಲ್ಲಿ ಮೊದಲು ಖರ್ಚು ಮಾಡುವವರು ಯಾರು? ಮೊದಲು ಖರ್ಚು ಮಾಡಬಲ್ಲವನ ಪರಂಪರೆಗೆ ಮಾತ್ರ ಅನುದಾನ ಎಂದು ನೇರವಾಗಿಯೇ ಅಚ್ಚು ಹಾಕಿಸಿದ್ದರೆ ಕಾಗದವಾದರೂ ಉಳಿಯುತ್ತಿತ್ತು.

ಲೆಕ್ಕ ಕೊಡುವುದಿಲ್ಲ ಎಂದು ನಾವು ಹೇಳುತ್ತಿಲ್ಲ. ಲೆಕ್ಕ ಕೇಳುವುದನ್ನು ನಮಗೆ ಕಲಿಸಿದ್ದೇ ಚಳವಳಿ. ಪ್ರತಿ ರೂಪಾಯಿಗೂ ಲೆಕ್ಕ ಕೊಡುತ್ತೇವೆ, ಕೇರಿಯ ಮುಂದೆ ಓದಿ ಹೇಳಿ ಕೊಡುತ್ತೇವೆ. ನಮ್ಮ ತಕರಾರು ಖಾತೆಯ ಕಾಲಂ ಬಗ್ಗೆ.

ಯಾಕೆಂದರೆ ಖಾತೆಯ ಮಾತು ಬಂದರೆ ನಮ್ಮ ಹತ್ತಿರ ಹೇಳುವುದಿದೆ. ರೈಸ್ ಸಾಹೇಬನ ಮೈಸೂರು ಗೆಜೆಟಿಯರ್ ತೆರೆದು ನೋಡಿ. ಹೊಲೆಯರ ಕುಳವಾಡಿಯ ವಿಚಾರ ಅದರಲ್ಲಿದೆ. ಊರಿನ ಗಡಿಯ ಜಗಳ ಹುಟ್ಟಿದಾಗ ಕುಳವಾಡಿಯೇ ಗಡಿ ತೋರಿಸಬೇಕು. ತಲೆಯ ಮೇಲೆ ಮಣ್ಣಿನ ಉಂಡೆ ಹೊತ್ತು ಅವನು ನಡೆದ ದಾರಿಯೇ ಗಡಿ. ಗೌಡನ ಮಾತೂ ಶಾನುಭೋಗನ ಕಡತವೂ ಅದರ ಮುಂದೆ ನಿಲ್ಲುತ್ತಿರಲಿಲ್ಲ. ಊರಿನ ನೆಲ ಯಾರದು ಎಂದು ಹೇಳುವ ಬಾಯಿ ಹೊಲಗೇರಿಯಲ್ಲಿತ್ತು, ನೆಲ ಮಾತ್ರ ಅಲ್ಲಿರಲಿಲ್ಲ. 1961ರ ಗ್ರಾಮ ಹುದ್ದೆಗಳ ರದ್ದತಿ ಕಾಯ್ದೆಯಲ್ಲಿ ತೋಟಿ, ತಳವಾರ, ನೀರಗಂಟಿ ಹುದ್ದೆಗಳೆಲ್ಲ ಹೋದವು. ಬಿಟ್ಟಿ ಚಾಕರಿ ಹೋದದ್ದು ಒಳ್ಳೆಯದೇ ಆಯಿತು. ಆ ಹುದ್ದೆಗಳ ಜೊತೆ ಇದ್ದ ಇನಾಮು ಜಮೀನು ಎಷ್ಟು ಕಡೆ ಯಾರ ಯಾರ ಕೈಗೆ ಜಾರಿತು ಎನ್ನುವುದನ್ನು ಕಚೇರಿಗಳ ಮುಂದೆ ವರ್ಷಗಟ್ಟಲೆ ಕೂತವರು ಬಲ್ಲರು. ಹಾಗೆ ಜಾರಬಾರದೆಂದು 1978ರಲ್ಲಿ ಇನ್ನೊಂದು ಕಾಯ್ದೆ ಬರಬೇಕಾಯಿತು. ಈಗ ಅದೇ ಕುಳವಾಡಿಯ ಮರಿಮಗ ಅರ್ಜಿ ಹಿಡಿದು ಹೋದರೆ ಮೇಜಿನ ಆಚೆಯಿಂದ ಬರುವ ಪ್ರಶ್ನೆ: ‘ಜಾಗದ ದಾಖಲೆ ಎಲ್ಲಪ್ಪಾ?’ ನಮ್ಮ ಮಾರಮ್ಮ ಬೇವಿನ ಮರದ ಕೆಳಗೆ ಕೂತಿದ್ದಾಳೆ. ಅವಳು ಖಾತೆ ಮಾಡಿಸಿಕೊಂಡಿಲ್ಲ.

ಕಲ್ಲಿನ ವಿಷಯದಲ್ಲಿ ಸರ್ಕಾರದ ಕೈ ಎಷ್ಟು ಉದ್ದ ಎಂದು ನಮಗೆ ಗೊತ್ತು. ಮನಸ್ಸು ಮಾಡಿದರೆ ಏನೂ ಮಾಡಬಲ್ಲರು. ಶ್ರೀರಂಗಪಟ್ಟಣದಲ್ಲಿ ರೈಲಿನ ಜೋಡಿ ಹಳಿಗೆ ಅಡ್ಡ ಬಂತೆಂದು ಟಿಪ್ಪುವಿನ ಮದ್ದಿನ ಮನೆಯನ್ನು ಇಡಿಯಾಗಿ ಎತ್ತಿ 2017ರಲ್ಲಿ ಸುಮಾರು ನೂರು ಮೀಟರ್ ಆಚೆ ಕೂರಿಸಿದರು. ಒಂದು ಗೋಡೆ ಬೀಳಲಿಲ್ಲ. ನೋಡಿ ನಮಗೂ ಸಂತೋಷವಾಯಿತು, ಸುಳ್ಳು ಯಾಕೆ? 1911ರಲ್ಲಿ ಕಟ್ಟಲು ಶುರುವಾದ ಕನ್ನಂಬಾಡಿ ಕಟ್ಟೆಯಲ್ಲಿ ಮುಳುಗಿದ್ದ ವೇಣುಗೋಪಾಲಸ್ವಾಮಿ ದೇವಸ್ಥಾನವನ್ನು ಖಾಸಗಿಯವರು ದುಡ್ಡು ಹಾಕಿ, ಕಲ್ಲು ಕಲ್ಲಾಗಿ ಬಿಚ್ಚಿ ತಂದು, ಹೊಸ ಕನ್ನಂಬಾಡಿಯಲ್ಲಿ ಮತ್ತೆ ನಿಲ್ಲಿಸಿದರು. ಅದೇ ನೀರಿನಲ್ಲಿ ಮುಳುಗಿದ ಊರುಗಳ ಹೊಲಗೇರಿಗಳನ್ನು ಯಾರು ಬಿಚ್ಚಿ ತಂದರು? ಜಮೀನಿದ್ದವರಿಗೆ ಪರಿಹಾರದ ಮಾತಿತ್ತು. ಜೀತಕ್ಕಿದ್ದವನ ಗುಡಿಸಲಿಗೆ, ಅವನ ಮಣ್ಣು ಮಾಡುವ ಜಾಗಕ್ಕೆ, ಅವನ ಮಾರಿಗುಡಿಗೆ ಏನಿತ್ತು? ಹೊಯ್ಸಳರ ಬೇಲೂರು, ಹಳೇಬೀಡು, ಸೋಮನಾಥಪುರಗಳು 2023ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿದವು. ನಮ್ಮ ಕೆ.ಆರ್.ಪೇಟೆಯ ಹೊಸಹೊಳಲು, ಗೋವಿಂದನಹಳ್ಳಿ ಅದರಲ್ಲಿ ಬರಲಿಲ್ಲ ಎಂದು ತಾಲ್ಲೂಕಿನವರಿಗೆ ಬೇಜಾರು. ಆ ಕಲ್ಲು ಎಳೆದವರ ಮಕ್ಕಳು ಯಾವ ಪಟ್ಟಿಗೂ ಸೇರದಿದ್ದದ್ದಕ್ಕೆ ಯಾರೂ ಬೇಜಾರು ಮಾಡಿಕೊಂಡ ಹಾಗಿಲ್ಲ.

ಮೇಲುಕೋಟೆಗೆ ಬನ್ನಿ. ಚೆಲುವನಾರಾಯಣನ ಮೂರ್ತಿ ತರಲು ನೆರವಾದರೆಂದು ರಾಮಾನುಜರು ನಮ್ಮವರನ್ನು ತಿರುಕುಲದವರೆಂದು ಕರೆದು, ವರ್ಷಕ್ಕೆ ಮೂರು ದಿನ ಗುಡಿಯೊಳಗೆ ಬಿಟ್ಟರು ಎಂದು ಐತಿಹ್ಯ. ಪುಸ್ತಕಗಳು ಇದನ್ನು ಉದಾರತೆ ಎಂದು ಬರೆದಿವೆ. ಪ್ರವಾಸಕ್ಕೆ ಬಂದ ಮಕ್ಕಳಿಗೆ ಮೇಷ್ಟ್ರುಗಳು ಇದನ್ನೇ ಹೇಳುತ್ತಾರೆ. ಮೇಷ್ಟ್ರೇ, ಉಳಿದ 362 ದಿನದ ಇತಿಹಾಸ ಬರೆಯುತ್ತೇವೆ ಎಂದು ನಾವು ಅರ್ಜಿ ಹಾಕಿದರೆ ಅದು ಯಾವ ಶೀರ್ಷಿಕೆಯ ಕೆಳಗೆ ಬರುತ್ತದೆ?

ಇನ್ನು ಫಾರಮ್ಮಿನ ಅತಿ ಕಷ್ಟದ ಕಾಲಂ: ‘ಕಲಾ ಪ್ರಕಾರದ ಹೆಸರು.’ ಪಕ್ಕದಲ್ಲೇ ಉದಾಹರಣೆ ಕೊಟ್ಟಿದ್ದಾರೆ. ತಮಟೆ, ನಗಾರಿ, ಪೂಜಾ ಕುಣಿತ, ಸೋಮನ ಕುಣಿತ. ತಮಟೆ ಎಂದು ಬರೆದರೆ ಕೆಲಸ ಸಲೀಸು. ಕಿರಂಗೂರಿನ ಬನ್ನಿಮಂಟಪದಿಂದ ಹೊರಡುವ ಶ್ರೀರಂಗಪಟ್ಟಣದ ದಸರಾ ಮೆರವಣಿಗೆಗೆ ಒಂದು ತಂಡ ಬೇಕೇ ಬೇಕು. ಬಣ್ಣದ ಪೇಟ, ಸೊಂಟಕ್ಕೆ ವಸ್ತ್ರ, ಕೊನೆಗೊಂದು ಪ್ರಮಾಣಪತ್ರ.

ಇದನ್ನು ಕೇಳಲು ನಾವು ಪಾಂಡವಪುರದ ಕಡೆಯ ಒಂದು ಕೇರಿಗೆ ಹೋದಾಗ ಜಗಲಿಯ ಮೇಲಿದ್ದ ಹಿರಿಯರೊಬ್ಬರು ಉಗಿದು ಕಳಿಸಿದರು: ‘ಬಡ್ಯಾದ ಬುಟ್ಟು ಒದೆ ತಿಂದೋರು ಕನ್ರಲಾ ನಾವು. ಊರೋರು ನೀರು ನಿಲ್ಸುದ್ರು, ಕೂಲಿ ನಿಲ್ಸುದ್ರು. ಈಗ ನೀವು ಓದ್ಕೊಂಡ್ ಬಂದು ಅದ್ನೇ ಕಲೆ ಅಂತ ಬರ್ಕೊಂಡ್ ಓಯ್ತೀರಾ?’

ಆ ಮಾತಿಗೆ ನಮ್ಮಲ್ಲಿ ಜಗಳವೇ ಆಯಿತು, ಆಗಬೇಕಾದ ಜಗಳ. 1970ರ ದಶಕದಲ್ಲಿ ದಲಿತ ಸಂಘರ್ಷ ಸಮಿತಿ ಹುಟ್ಟಿ ಕೇರಿ ಕೇರಿಗೆ ಬಂದ ಮೇಲೆ ನಮ್ಮ ಅಜ್ಜಂದಿರು, ಅಪ್ಪಂದಿರು ಎಷ್ಟೋ ಊರುಗಳಲ್ಲಿ ತಮಟೆ ಕೆಳಗಿಟ್ಟರು. ಸತ್ತ ದನ ಎಳೆಯುವುದಿಲ್ಲ, ಸಾವಿನ ಸುದ್ದಿ ಹೊತ್ತು ಓಡುವುದಿಲ್ಲ ಎಂದರು. ಅದೇ ಅಪ್ಪಂದಿರು ಅದೇ ತಮಟೆಯನ್ನು ಹೋರಾಟದ ಮೆರವಣಿಗೆಯ ಮುಂದೆ ಬಡಿದರು. ಚರ್ಮ ಅದೇ, ಕಾಯಿಸುವ ಬೆಂಕಿ ಅದೇ. ಬಡಿ ಎಂದು ಹೇಳುವ ಗೌಡ ಇರಲಿಲ್ಲ, ಅಷ್ಟೇ. ಒಂದು ಕೈಯಲ್ಲಿ ತಮಟೆ, ಇನ್ನೊಂದರಲ್ಲಿ ತಮಟೆ ಕೆಳಗಿಟ್ಟ ದಿನ, ಈ ಎರಡೂ ಸೇರಿದರೆ ಮಾತ್ರ ಅದು ನಮ್ಮ ಪರಂಪರೆ. ಒಂದನ್ನು ಬಿಟ್ಟು ಇನ್ನೊಂದನ್ನು ಬರೆದುಕೊಟ್ಟರೆ ನಾವು ದಸರೆಗೆ ತಂಡ ಸಪ್ಲೈ ಮಾಡುವ ದಲ್ಲಾಳಿಗಳಾಗುತ್ತೇವೆ. ಆದ್ದರಿಂದ ಆ ಕಾಲಂನಲ್ಲಿ ಹೀಗೆ ಬರೆಯುವುದೆಂದು ತೀರ್ಮಾನ ಮಾಡಿದ್ದೇವೆ: ‘ತಮಟೆ, ಮತ್ತು ತಮಟೆ ಬಡಿಯಲು ಒಪ್ಪದಿದ್ದದ್ದು.’

ಇದೇನು ನಮ್ಮ ತಲೆಹರಟೆಯಲ್ಲ. ಯುನೆಸ್ಕೋದ 2003ರ ಒಪ್ಪಂದ, 2005ರಲ್ಲಿ ಭಾರತವೂ ಒಪ್ಪಿ ರುಜು ಹಾಕಿದ ಒಪ್ಪಂದ, ಎರಡು ಮಾತು ಹೇಳುತ್ತದೆ. ಯಾವುದು ಪರಂಪರೆ ಎಂದು ಗುರುತಿಸಬೇಕಾದವರು ಆ ಸಮುದಾಯದವರೇ. ಮಾನವ ಹಕ್ಕುಗಳಿಗೆ ಹೊಂದುವಂಥದ್ದನ್ನು ಮಾತ್ರ ಪರಂಪರೆಯೆಂದು ಪರಿಗಣಿಸಬೇಕು. ಹಾಗಾದರೆ ಹೆದರಿಸಿ ಬಡಿಸಿದ ತಮಟೆ ಪರಂಪರೆಯಲ್ಲ, ಅದನ್ನು ಕೆಳಗಿಟ್ಟದ್ದು ಪರಂಪರೆ. ಈ ಸಾಲುಗಳನ್ನು ಅರ್ಜಿಗೆ ಲಗತ್ತಿಸುತ್ತೇವೆ, ಅಧಿಕಾರಿಗಳು ಬಿಡುವಿದ್ದಾಗ ಓದಲಿ.

ಹಾಡಿನದ್ದೂ ಇದೇ ಕಥೆ. ನಾಗಮಂಗಲ ತಾಲ್ಲೂಕಿನ ಹೆರಗನಹಳ್ಳಿಯಿಂದ ಹೋದ ಎಚ್.ಎಲ್. ನಾಗೇಗೌಡರು ಊರೂರಿನ ಹಾಡು ಕೂಡಿಟ್ಟರು, ರಾಮನಗರದ ಹತ್ತಿರ ಜಾನಪದ ಲೋಕ ಕಟ್ಟಿದರು. ದೊಡ್ಡ ಕೆಲಸ, ಅದಕ್ಕೆ ಕೈಮುಗಿಯುತ್ತೇವೆ. ಆದರೆ ಕೆ.ಆರ್.ಪೇಟೆಯ ಕಡೆ ನಾಟಿ ಹಾಡು ಕೇಳಹೋದಾಗ ಒಬ್ಬ ಅವ್ವ ನಮಗೆ ಷರತ್ತು ಹಾಕಿದಳು: ‘ಪದ ಯೋಳ್ತೀನಿ ಮಗ. ಯಾರ್ ಗದ್ದೇಲಿ ಬಗ್ಗಿ ಯೋಳ್ದೆ, ಎಷ್ಟ್ ಸೇರು ಕೊಟ್ರು, ಅದ್ನೂ ಬರ್ಕೋಬೇಕು.’ ಜಾನಪದ ಸಂಗ್ರಹಗಳಲ್ಲಿ ಹಾಡು ಸಿಗುತ್ತದೆ, ಸೇರಿನ ಲೆಕ್ಕ ಸಿಗುವುದು ಅಪರೂಪ. ನಮ್ಮ ಸಂಗ್ರಹದಲ್ಲಿ ಎರಡೂ ಇರುತ್ತವೆ.

ದುಡ್ಡಿನ ಮಾತು ಮುಗಿಸೋಣ. ಫಾರಮ್ಮಿನ ನೆತ್ತಿಯ ಮೇಲೆ ‘ಧನಸಹಾಯ’ ಎಂದಿದೆ. ಯಾರು ಯಾರಿಗೆ ಸಹಾಯ ಮಾಡುತ್ತಿದ್ದಾರೆ? 2011ರ ಜನಗಣತಿಯಂತೆ ಈ ರಾಜ್ಯದಲ್ಲಿ ಪರಿಶಿಷ್ಟ ಜಾತಿಯವರು ನೂರಕ್ಕೆ 17ಕ್ಕಿಂತ ಹೆಚ್ಚು. ಜನಸಂಖ್ಯೆಗೆ ತಕ್ಕ ಪಾಲು ಎತ್ತಿಡಬೇಕೆಂದು 2013ರಲ್ಲಿ ಉಪಯೋಜನೆಯ ಕಾಯ್ದೆಯೇ ಆಯಿತು. ಆ ಕಾಯ್ದೆಯ 7 ಡಿ ಎಂಬ ಕಲಮು ಎಲ್ಲರಿಗೂ ಮಾಡಿದ ಖರ್ಚಿನಲ್ಲಿ ಒಂದು ಪಾಲನ್ನು ನಮಗೇ ಮಾಡಿದ್ದೆಂದು ತೋರಿಸಲು ದಾರಿ ಬಿಟ್ಟಿತ್ತು. ಕೂಗಾಡಿ ಕೂಗಾಡಿ 2023ರಲ್ಲಿ ಅದನ್ನು ತೆಗೆಸಿದ್ದಾಯಿತು. ರಸ್ತೆಗೆ, ಭವನಕ್ಕೆ ಬರುವ ಪಾಲು ನೆನಪಿನ ಕೆಲಸಕ್ಕೂ ಬರಬೇಕು. ಭವನ ಕಟ್ಟಿ ಬೀಗ ಹಾಕಿ ಬೀಗದ ಕೈ ಕಂಟ್ರಾಕ್ಟರನ ಜೇಬಿನಲ್ಲಿ ಉಳಿದಿರುವುದನ್ನು ಬೇಕಾದಷ್ಟು ನೋಡಿದ್ದೇವೆ. ಆ ಬೀಗ ತೆಗೆದರೂ ಸಾಕು, ನಮಗೆ ಕೋಣೆ ಸಿಕ್ಕಿತು.

ಪಟ್ಟಣದಿಂದ ಬರುವ ಕೆಲವರು ‘ಅರ್ಜಿ ನಾವು ಬರೆದುಕೊಡ್ತೀವಿ, ನೀವು ಸಹಿ ಹಾಕಿ’ ಎನ್ನುತ್ತಾರೆ. ಅವರಿಗೆ ಫಾರಮ್ಮಿನ ಭಾಷೆ ಗೊತ್ತು, ಶೇಕಡಾವಾರೂ ಗೊತ್ತು. ವಿದ್ಯಾರ್ಥಿ ಗೆಳೆಯರೇ, ಆ ಭಾಷೆ ನಾವೇ ಕಲಿಯೋಣ. ಮನೆಯಲ್ಲಿ ಮೊದಲು ಡಿಗ್ರಿ ಓದಿದವರು ನಾವು. ಒಂದು ಅರ್ಜಿ ಬರೆಯಲಾಗದಿದ್ದರೆ ಆ ಡಿಗ್ರಿ ಏತಕ್ಕೆ?

ಹಳ್ಳಿಯ ಮೇಷ್ಟ್ರುಗಳಲ್ಲಿ ಕೇಳುವುದು ಇಷ್ಟು. ನಿಮ್ಮ ಶಾಲೆಯ ಮಕ್ಕಳ ಕೈಗೆ ಒಂದು ನೋಟುಪುಸ್ತಕ ಕೊಡಿ. ಊರ ಬಾವಿಗೆ ಮೊದಲು ಕೊಡ ಇಳಿಸಿದವರು ಯಾರು, ಹೋಟೆಲಿನಲ್ಲಿ ಬೇರೆ ಲೋಟ ಎತ್ತಿಸಿದವರು ಯಾರು, ತಮಟೆ ಕೆಳಗಿಟ್ಟ ದಿನ ಯಾವುದು, ತೂಬಿನ ಲೆಕ್ಕ ಬಲ್ಲವರು ಯಾರಿದ್ದಾರೆ ಎಂದು ಕೇಳಿಸಿ ಬರೆಸಿ. ಈಗ ಎಲ್ಲರ ಜೇಬಿನಲ್ಲೂ ಮೊಬೈಲು ಇದೆ, ಧ್ವನಿ ಹಿಡಿಯಲು ಅನುದಾನ ಬರುವ ತನಕ ಕಾಯಬೇಕಿಲ್ಲ. ಹೇಳಿದವರ ಒಪ್ಪಿಗೆ ಕೇಳಿ. ಪ್ರತಿಯೊಂದರ ಒಂದು ನಕಲು ಆ ಕೇರಿಯಲ್ಲೇ ಉಳಿಯಲಿ.

ಅರ್ಜಿ ಮಾತ್ರ ಹಾಕಿಯೇ ಹಾಕುತ್ತೇವೆ. ಖಾತೆಯ ಕಾಲಂನಲ್ಲಿ ಕುಳವಾಡಿ ನಡೆದ ಗಡಿಯ ವಿವರ ಇರುತ್ತದೆ. ತಿರಸ್ಕರಿಸುವುದಾದರೆ ಕಾರಣ ಬರೆದು ಕೊಡಲಿ. ಕೊಡದಿದ್ದರೆ 2005ರ ಮಾಹಿತಿ ಹಕ್ಕು ಕಾಯ್ದೆ ಇದೆ, ಹತ್ತು ರೂಪಾಯಿ ಶುಲ್ಕ, ಮೂವತ್ತು ದಿನದ ಗಡುವು. ಆ ಹತ್ತು ರೂಪಾಯಿ ಈಗಾಗಲೇ ಎತ್ತಿಟ್ಟಿದ್ದೇವೆ.