ನದಿಯ ಕೆಳಗೆ ಮನೆ, ನದಿಯ ಮೇಲೆ ಮತ

2025ರ ಮಾರ್ಚ್ 23ರಂದು ಕೆನಡಾದಲ್ಲಿ ಸಂಸತ್ ಚುನಾವಣೆ ಘೋಷಣೆಯಾಯಿತು. ಮತದಾನ ಏಪ್ರಿಲ್ 28ಕ್ಕೆ. ನಡುವೆ ಉಳಿದದ್ದು ಐದು ವಾರ. ದೇಶದ ಹೊರಗಿರುವ ಕೆನಡಾ ಪ್ರಜೆಗೆ ಈ ಐದು ವಾರಗಳೆಂದರೆ ಮುಖ್ಯವಾಗಿ ಅಂಚೆಯ ಚಿಂತೆ. ಅರ್ಜಿ ಸಲ್ಲಿಸಿದವರಿಗೆ ಒಂದು ಕಟ್ಟು ಬರುತ್ತದೆ. ಅದರೊಳಗಿನ ಮತಪತ್ರದಲ್ಲಿ ಹೆಸರುಗಳಿಲ್ಲ, ಚಿಹ್ನೆಗಳಿಲ್ಲ. ಖಾಲಿ ಗೆರೆಯ ಮೇಲೆ ಅಭ್ಯರ್ಥಿಯ ಹೆಸರನ್ನು ಕೈಯಾರೆ ಬರೆಯಬೇಕು. ಅದನ್ನು ಗುರುತಿಲ್ಲದ ಒಳಲಕೋಟೆಗೆ ಸೇರಿಸಿ, ಅದನ್ನು ಹೊರಲಕೋಟೆಯೊಳಗಿಟ್ಟು, ಮೇಲೆ ಸಹಿ ಮತ್ತು ದಿನಾಂಕ ಹಾಕಿ ಕಳುಹಿಸಬೇಕು. ಮತದಾನದ ದಿನ ಸಂಜೆ 6 ಗಂಟೆಯೊಳಗೆ ಅದು ರಾಜಧಾನಿ ಒಟ್ಟಾವಾ ತಲುಪದಿದ್ದರೆ ಎಣಿಕೆಗಿಲ್ಲ. ಒಂದು ಲಕೋಟೆಯಿಂದ ಏನಾದೀತು ಎನ್ನುವವರಿಗೆ ಅದೇ ಚುನಾವಣೆಯಲ್ಲಿ ಉತ್ತರವಿದೆ. ಕ್ವಿಬೆಕ್ ಪ್ರಾಂತ್ಯದ ಟೆರ್‌ಬಾನ್ ಕ್ಷೇತ್ರದಲ್ಲಿ ಮರುಎಣಿಕೆಯ ನಂತರ ಗೆಲುವಿನ ಅಂತರ ಕೇವಲ 1 ಮತ. ಲಕೋಟೆಯ ಮೇಲೆ ಅಂಚೆ ಸಂಖ್ಯೆ ತಪ್ಪಾಗಿ ಮುದ್ರಿತವಾಗಿದ್ದರಿಂದ ಅಲ್ಲಿನ ಮತದಾರಳೊಬ್ಬಳ ಮತ ಅವಳ ಮನೆಗೇ ಹಿಂದಿರುಗಿತ್ತು. ವಿವಾದ ನ್ಯಾಯಾಲಯದ ಮೆಟ್ಟಿಲೇರಿತು.

ಅಮೆರಿಕದ ಪೋರ್ಟ್‌ಲ್ಯಾಂಡ್ ನಗರದಲ್ಲಿ ಶಿಕ್ಷಕಿಯಾಗಿರುವ ಒಬ್ಬ ಕೆನಡಾ ಮಹಿಳೆಯನ್ನು ಊಹಿಸಿಕೊಳ್ಳಬಹುದು. ಆಕೆಯ ತವರು ಬ್ರಿಟಿಷ್ ಕೊಲಂಬಿಯಾದ ಬೆಟ್ಟಗಳ ನಡುವೆ, ಆ್ಯರೋ ಸರೋವರಗಳ ದಂಡೆಯಲ್ಲಿರುವ ನಕಸ್ಪ್ ಎಂಬ ಪುಟ್ಟ ಊರು. 2025ರ ಆ ವಸಂತದಲ್ಲಿ ಆಕೆಯ ದಿನಚರಿ ವಿಚಿತ್ರವಾಗಿದ್ದಿರಬೇಕು. ಆಕೆ ತೆರಿಗೆ ಕಟ್ಟುವ ದೇಶದ ಅಧ್ಯಕ್ಷ ಟ್ರಂಪ್ ಆಕೆಯ ತಾಯ್ನಾಡನ್ನು 51ನೆಯ ರಾಜ್ಯವಾಗಿಸುವ ಮಾತಾಡುತ್ತಿದ್ದರು. ಕೆನಡಾದ ಸರಕಿನ ಮೇಲೆ ಸುಂಕ ಹೇರಿದ್ದರು. ಶಾಲೆಯಲ್ಲಿ ಸಹೋದ್ಯೋಗಿಗಳಲ್ಲಿ ಕೆಲವರು ತಮಾಷೆ ಮಾಡಿದರೆ ಕೆಲವರು ಕ್ಷಮೆ ಕೇಳುತ್ತಾರೆ. ಎರಡಕ್ಕೂ ಏನು ಹೇಳಬೇಕೆಂದು ತೋಚುವುದಿಲ್ಲ. ಅತ್ತ ಕೆನಡಾದ ಪ್ರಾಂತ್ಯಗಳು ಅಮೆರಿಕದ ಮದ್ಯವನ್ನು ಸರ್ಕಾರಿ ಮಳಿಗೆಗಳಿಂದ ಹೊರಹಾಕಿದ್ದವು. ಐಸ್ ಹಾಕಿ ಆಟದಿಂದ ಬಂದ ‘ಮೊಣಕೈ ಮೇಲೆತ್ತಿ’ ಎಂಬ ಮಾತು ಜನರ ಘೋಷಣೆಯಾಗಿತ್ತು. ಕ್ಯಾಲಿಫೋರ್ನಿಯಾದ ಕಿತ್ತಳೆ ಮುಟ್ಟುವುದಿಲ್ಲವೆಂದು ತಾಯಿ ದೂರವಾಣಿಯಲ್ಲಿ ಹೇಳುವ ಹೊತ್ತಿಗೆ ಮಗಳ ಅಡುಗೆಮನೆಯಲ್ಲಿರುವುದು ಅದೇ ಕಿತ್ತಳೆ. ವಾಸವಿರುವ ನೆಲದಲ್ಲಿ ಆಕೆಗೆ ಮತವಿಲ್ಲ. ಮತವಿರುವ ನೆಲದಲ್ಲಿ ವಾಸವಿಲ್ಲ.

ಈ ಮತವೂ ಸುಲಭವಾಗಿ ದಕ್ಕಿದ್ದಲ್ಲ. 1993ರ ಕಾನೂನು ಹೊರದೇಶದ ವಾಸಕ್ಕೆ ಐದು ವರ್ಷದ ಮಿತಿ ಹಾಕಿತ್ತು; ಅದನ್ನು ದಾಟಿದವರಿಗೆ ಮತವಿರಲಿಲ್ಲ. ಅಮೆರಿಕದಲ್ಲಿದ್ದ ಗಿಲಿಯನ್ ಫ್ರಾಂಕ್ ಮತ್ತು ಜೇಮಿ ಡುವಾಂಗ್ ಇದನ್ನು ಪ್ರಶ್ನಿಸಿದರು. 2015ರಲ್ಲಿ ಒಂಟಾರಿಯೊ ಮೇಲ್ಮನವಿ ನ್ಯಾಯಾಲಯ ಮಿತಿಯನ್ನೇ ಎತ್ತಿಹಿಡಿಯಿತು. ದೇಶದ ಕಾನೂನುಗಳ ಭಾರ ಹೊರದವರು ನಿವಾಸಿಗಳ ಮೇಲೆ ಕಾನೂನು ಹೇರುವುದು ನ್ಯಾಯವಲ್ಲ ಎಂಬುದು ಅದರ ವಾದದ ತಿರುಳು. 2018ರ ಕೊನೆಯಲ್ಲಿ ಸಂಸತ್ತು ಈ ಮಿತಿಯನ್ನು ತೆಗೆಯಿತು. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಮಿತಿ ಸಂವಿಧಾನಬಾಹಿರವೆಂದು 5–2ರ ಬಹುಮತದಿಂದ ತೀರ್ಪಿತ್ತಿತು. ಭಾರತದ ಸ್ಥಿತಿಯನ್ನು ಇದರ ಪಕ್ಕದಲ್ಲಿಟ್ಟು ನೋಡಬೇಕು. 2010ರ ತಿದ್ದುಪಡಿಯ ಪ್ರಕಾರ ಹೊರದೇಶದಲ್ಲಿರುವ ಭಾರತೀಯನು ಹೆಸರು ನೋಂದಾಯಿಸಬಹುದು, ಆದರೆ ಮತ ಹಾಕಲು ಊರಿನ ಮತಗಟ್ಟೆಗೇ ಬರಬೇಕು. 2024ರ ಲೋಕಸಭಾ ಚುನಾವಣೆಯಲ್ಲಿ ಹಾಗೆ ನೋಂದಾಯಿಸಿದವರು ಸುಮಾರು 1.2 ಲಕ್ಷ, ಬಂದು ಮತ ಹಾಕಿದವರು 3 ಸಾವಿರದೊಳಗೆ.

ಮೇಲ್ಮನವಿ ನ್ಯಾಯಾಲಯದ ವಾದವನ್ನು ಸುಮ್ಮನೆ ತಳ್ಳಿಹಾಕುವಂತಿಲ್ಲ. ಬೆಂಗಳೂರಿಗೆ ಹೋದವರು ಊರಿನ ಕಾಡು, ರಸ್ತೆ, ಅಣೆಕಟ್ಟಿನ ವಿಚಾರದಲ್ಲಿ ತೀರ್ಮಾನ ಹೇಳಲು ಬಂದಾಗ ಮಲೆನಾಡಿನ ಹಳ್ಳಿಗಳಲ್ಲಿಯೂ ಇದೇ ಆಕ್ಷೇಪ ಏಳುತ್ತದೆ, ಮತ್ತು ಅದರಲ್ಲಿ ನಿಜವಿದೆ. ಆದರೆ ಪರಿಣಾಮವನ್ನು ಗಡಿಗೆರೆಯಿಂದ ಅಳೆಯುವ ಕ್ರಮವೇ ಕುರುಡು. ಅದನ್ನು ಕೊಲಂಬಿಯಾ ನದಿಯಷ್ಟು ಚೆನ್ನಾಗಿ ತೋರಿಸುವ ಇನ್ನೊಂದು ನದಿ ಸಿಗುವುದು ಕಷ್ಟ. ಅದು ಹುಟ್ಟುವುದು ಬ್ರಿಟಿಷ್ ಕೊಲಂಬಿಯಾದಲ್ಲಿ. ನಕಸ್ಪ್ ದಂಡೆಯನ್ನು ಹಾದು, ಗಡಿ ದಾಟಿ, ಪೋರ್ಟ್‌ಲ್ಯಾಂಡಿನ ಅಂಚಿನಲ್ಲಿ ಹರಿದು ಸಮುದ್ರ ಸೇರುತ್ತದೆ. 1948ರ ಮೇ 30ರಂದು ಅದೇ ನದಿಯ ನೆರೆ ಪೋರ್ಟ್‌ಲ್ಯಾಂಡಿನ ನೆರೆಯ ವ್ಯಾನ್‌ಪೋರ್ಟ್ ಪಟ್ಟಣವನ್ನು ಅಳಿಸಿಹಾಕಿತು. 18 ಸಾವಿರ ಜನ ಮನೆ ಕಳೆದುಕೊಂಡರು. ಮುಂದೆ ನೆರೆ ತಡೆಯಲು, ವಿದ್ಯುತ್ ಪಡೆಯಲು ಎರಡೂ ದೇಶಗಳು ಮಾಡಿಕೊಂಡ ಕೊಲಂಬಿಯಾ ನದಿ ಒಪ್ಪಂದ 1964ರಲ್ಲಿ ಜಾರಿಗೆ ಬಂತು. ಲಿಂಗನಮಕ್ಕಿ ಅಣೆಕಟ್ಟು ಮುಗಿದದ್ದೂ ಅದೇ ವರ್ಷ. ಒಪ್ಪಂದದ ಮೂರು ಅಣೆಕಟ್ಟುಗಳು ಕೆನಡಾದ ಕಣಿವೆಗಳಲ್ಲಿ ಎದ್ದವು. ಆ್ಯರೋ ಕಣಿವೆಯ ತೋಟ, ಹೊಲ, ದಂಡೆಯ ಹಳ್ಳಿಗಳು ನೀರಿನಡಿ ಹೋದವು. ಸುಮಾರು 2 ಸಾವಿರ ಜನ ಏಳಬೇಕಾಯಿತು. ಬೇಸಿಗೆಯಲ್ಲಿ ನೀರಿಳಿದಾಗ ಕೆಸರು ಬಯಲು ಕಾಣುವುದೆಂದರೇನೆಂದು ಶರಾವತಿಯ ಹಿನ್ನೀರಿನವರಿಗೆ ವಿವರಿಸಬೇಕಿಲ್ಲ.

ಪೋರ್ಟ್‌ಲ್ಯಾಂಡಿನ ಆ ಶಿಕ್ಷಕಿ ನೆರೆಯ ಭಯವಿಲ್ಲದೆ ಮಲಗುವುದರಲ್ಲಿ ತವರಿನ ಮುಳುಗಡೆಗೂ ಪಾಲಿದೆ. ಆ ನೀರು ಹೇಗೆ ಹರಿಯಬೇಕು, ಸಾಲ್ಮನ್ ಮೀನಿಗೆ ದಾರಿ ಸಿಗಬೇಕೇ ಎಂಬುದು ಆಕೆಗೆ ಎರಡೂ ತುದಿಗಳಿಂದ ತಟ್ಟುತ್ತದೆ. ಹೊರಗಿನವಳೆಂದು ಆಕೆಯನ್ನು ಬದಿಗೆ ಸರಿಸಿದರೆ ನದಿಯ ಇಡೀ ಉದ್ದವನ್ನು ಕಂಡ ಅಪರೂಪದ ಮತದಾರಳೊಬ್ಬಳು ಕಳೆದುಹೋಗುತ್ತಾಳೆ. ಜೊತೆಗೆ ಕೆನಡಾದ ಪದ್ಧತಿಯಲ್ಲಿ ಒಂದು ವಿವೇಕವಿದೆ. ಹೊರದೇಶದವರ ಮತ ಎಣಿಕೆಯಾಗುವುದು ಅವರು ಕೊನೆಯದಾಗಿ ವಾಸವಿದ್ದ ಊರಿನ ಕ್ಷೇತ್ರದಲ್ಲಿ. ತಮಗೆ ಅನುಕೂಲವಾದ ಬೇರೆ ಕ್ಷೇತ್ರವನ್ನು ಅವರು ಆರಿಸಿಕೊಳ್ಳುವಂತಿಲ್ಲ. ಎಷ್ಟು ದೂರ ಹೋದರೂ ಮತ ಒಂದು ನಿರ್ದಿಷ್ಟ ನೆಲಕ್ಕೆ ಕಟ್ಟಿಕೊಂಡಿರುತ್ತದೆ. ಆ ನೆಲದ ಸುದ್ದಿಯನ್ನು ತಿಳಿದುಕೊಳ್ಳುವ ಹೊಣೆ ಮಾತ್ರ ಯಾವ ಕಾನೂನಿನಲ್ಲೂ ಬರೆದಿಲ್ಲ. ರಾಷ್ಟ್ರನಾಯಕರ ಭಾಷಣ ಕೇಳಿ, ಸ್ಥಳೀಯ ಅಭ್ಯರ್ಥಿಯ ಹೆಸರನ್ನು ಪಟ್ಟಿ ನೋಡಿ ಬರೆದು ಕಳುಹಿಸುವವರೂ ಇರುತ್ತಾರೆ. 2025ರ ಸುಂಕದ ಗದ್ದಲದಲ್ಲಿ ಹಾಗೆ ಆಗುವುದು ಸುಲಭವಿತ್ತು. ಅದೇ ಮಾರ್ಚಿನಲ್ಲಿ ಅಮೆರಿಕ ನದಿ ಒಪ್ಪಂದದ ನವೀಕರಣದ ಮಾತುಕತೆಯನ್ನು ತಡೆಹಿಡಿಯಿತು. ಕೆನಡಾದ ನೀರನ್ನು ದೊಡ್ಡ ನಲ್ಲಿಯೊಂದನ್ನು ತಿರುಗಿಸಿ ಇಳಿಸಿಕೊಳ್ಳಬಹುದೆಂಬ ಅರ್ಥದ ಮಾತನ್ನು ಟ್ರಂಪ್ 2024ರಲ್ಲಿಯೇ ಆಡಿದ್ದರು. ಬೆಟ್ಟದ ಊರುಗಳ ಮಟ್ಟಿಗೆ ಸುಂಕಕ್ಕಿಂತ ಹಿರಿದಾದ ವಿಚಾರ ಅದು.

ಆ್ಯರೋ ಕಣಿವೆಯ ಇನ್ನೊಂದು ಜನವರ್ಗವನ್ನೂ ಇಲ್ಲಿ ನೆನೆಯಬೇಕು. ಅಲ್ಲಿನ ಮೂಲನಿವಾಸಿಗಳಾದ ಸಿನಿಕ್ಸ್ಟ್ ಜನ ಅಳಿದುಹೋದರೆಂದು ಕೆನಡಾ ಸರ್ಕಾರ 1956ರಲ್ಲಿ ಘೋಷಿಸಿತು. ಅವರು ಅಳಿದಿರಲಿಲ್ಲ, ಬಹಳಷ್ಟು ಮಂದಿ ಗಡಿಯಾಚೆ, ಅದೇ ನದಿಯ ಕೆಳಗಿನ ವಾಷಿಂಗ್ಟನ್ ರಾಜ್ಯದಲ್ಲಿದ್ದರು. 2010ರಲ್ಲಿ ರಿಚರ್ಡ್ ಡೆಸೊಟೆಲ್ ಎಂಬ ಸಿನಿಕ್ಸ್ಟ್ ವ್ಯಕ್ತಿ ಕೆನಡಾಕ್ಕೆ ಬಂದು, ಪೂರ್ವಿಕರ ಕಾಡಿನಲ್ಲಿ ಎಲ್ಕ್ ಜಿಂಕೆಯೊಂದನ್ನು ಬೇಟೆಯಾಡಿ, ಮೊಕದ್ದಮೆ ಎದುರಿಸಿದರು. ಕೆನಡಾದ ಪ್ರಜೆಯಲ್ಲದಿದ್ದರೂ, ಅಲ್ಲಿನ ನಿವಾಸಿಯಲ್ಲದಿದ್ದರೂ ಅವರಿಗೆ ಆ ಹಕ್ಕಿದೆಯೆಂದು ಅದೇ ಸುಪ್ರೀಂ ಕೋರ್ಟು 2021ರ ಏಪ್ರಿಲಿನಲ್ಲಿ ಹೇಳಿತು. ಒಟ್ಟಾವಾದಿಂದ ಅವರಿಗೆ ಮತದ ಲಕೋಟೆಯೇನೂ ಬರುವುದಿಲ್ಲ. 2024ರ ಜುಲೈನಲ್ಲಿ ಎರಡೂ ಸರ್ಕಾರಗಳು ಪ್ರಕಟಿಸಿದ ತಾತ್ವಿಕ ಒಪ್ಪಿಗೆಯಲ್ಲಿ, ನದಿಯ ಜೀವವ್ಯವಸ್ಥೆಯ ಬಗ್ಗೆ ಸಲಹೆ ನೀಡಲು ಗಡಿಯ ಎರಡೂ ಬದಿಯ ಮೂಲನಿವಾಸಿಗಳಿರುವ ಒಂದು ಮಂಡಳಿಯ ಪ್ರಸ್ತಾಪವಿತ್ತು. ಮಾರ್ಚಿನಲ್ಲಿ ಮಾತುಕತೆ ನಿಂತಾಗ ಅದೂ ನಿಂತಿತು.